ಮುಖ ತೊಳೆದ ಕಲ್ಲು

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ಬಾಗೂರಿನಾಚೆಯ ಒಂದು ತೆಂಗಿನ ತೋಟದಲ್ಲಿ ರುದ್ರೇಶ ಮಾಸ್ತಿಕಲ್ಲಿನ ಮುಖ ತೊಳೆದ. ತೊಳೆಯಬೇಡ ಎಂದು ಅಷ್ಟರಲ್ಲಿ ಅವನಿಗೆ ಮೂರು ಸಲ ಹೇಳಿಯಾಗಿತ್ತು.

ಹೇಳಿದವರು ತೋಟದ ಯಜಮಾನಿ ಚಿಕ್ಕಲಕ್ಷ್ಮಮ್ಮ. ಎಪ್ಪತ್ತೆರಡು ವರ್ಷದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಲ್ಲಿಗೂ ರುದ್ರೇಶನಿಗೂ ನಡುವೆ ನಿಂತಿದ್ದರು. ಅವರ ಮಗ ಕಾಂತರಾಜು ಹೊಳೆನರಸೀಪುರದ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು, ರುದ್ರೇಶ ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ನಮ್ಮ ತೋಟದಲ್ಲೊಂದು ಕಲ್ಲಿದೆ, ನೋಡಿ ಬನ್ನಿ ಎಂದು ಅವನನ್ನು ಕರೆತಂದವನು ಕಾಂತರಾಜುವೇ.

ಕಲ್ಲು ನಾಲ್ಕೂವರೆ ಅಡಿ ಎತ್ತರವಿತ್ತು. ಮೇಲ್ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ನಿಂತ ಹೆಣ್ಣು. ಮೊಣಕೈ ಮಡಿಸಿ ಮೇಲೆತ್ತಿದ ಬಲಗೈ, ಮುಂಗೈ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಬೆಂದವಳ ನೆನಪಿಗೆ ನಿಲ್ಲಿಸುತ್ತಿದ್ದ ಇಂಥ ಕಲ್ಲುಗಳನ್ನು ರುದ್ರೇಶ ಎರಡು ವರ್ಷದಿಂದ ಹಾಸನದ ಸುತ್ತಿನ ತಾಲ್ಲೂಕುಗಳಲ್ಲಿ ಹುಡುಕಿಕೊಂಡು ತಿರುಗಿದ್ದ. ಕೆರೆ ಏರಿಯ ಮೇಲೆ, ಬಸ್ ನಿಲ್ದಾಣದ ಹಿಂದೆ, ಬಟ್ಟೆ ಒಗೆಯುವ ಕಟ್ಟೆಯಲ್ಲಿ ಕವುಚಿ ಬಿದ್ದಿದ್ದ ಕಲ್ಲುಗಳಿಂದ ಎಂಟು ದೊಡ್ಡ ಚಿತ್ರ ಬರೆದಿದ್ದ. ಹಾಸನದಲ್ಲಿ ಅವುಗಳ ಪ್ರದರ್ಶನ ಇಡಬೇಕಿತ್ತು. ಒಂಬತ್ತನೆಯದು ಈ ಕಲ್ಲಿನದು. ಇಂಥದ್ದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಕತ್ತಿನಿಂದ ಮೇಲೆ, ಮುಖ ಇರಬೇಕಾದ ಜಾಗದಲ್ಲಿ, ಅಂಗೈ ದಪ್ಪ ಮಣ್ಣು ಮೆತ್ತಿತ್ತು. ಹುತ್ತದ ಮಣ್ಣಿಗೆ ಹರಳೆಣ್ಣೆ ಹಾಕಿ ನಾದಿ ಮೆತ್ತಿದ್ದು. ಪ್ರತಿ ಅಮಾವಾಸ್ಯೆಗೂ ಆ ಮನೆಯ ಹೆಂಗಸರು ಉಪವಾಸವಿದ್ದು ಹಾಗೆ ಮೆತ್ತುತ್ತಿದ್ದರು.

"ಕೈ ಬರ್ಕೊ, ಬಳೆ ಬರ್ಕೊ, ಸೀರೆ ನಿರಿಗೆ ಬರ್ಕೊ. ಮೊಕದ ತಂಟೆಗೆ ಓಗ್ಬ್ಯಾಡ ಕಣಪ್ಪ ಮೇಷ್ಟ್ರೇ," ಎಂದರು ಚಿಕ್ಕಲಕ್ಷ್ಮಮ್ಮ.

"ಮುಖ ಇಲ್ದೆ ಚಿತ್ರ ಹೆಂಗಮ್ಮ ಆಗುತ್ತೆ?"

"ಅದಕ್ಕೆ ಮೊಕ ಇಲ್ವೇ ಇಲ್ಲ."

"ಇಲ್ದಿರೋ ಮುಖಕ್ಕೆ ಮಣ್ಣು ಯಾಕೆ ಮೆತ್ತೀರಿ ಮತ್ತೆ?"

ಕಾಂತರಾಜು ನಕ್ಕ. "ಅವ್ವಾ, ಮೇಷ್ಟ್ರು ಪಾಯಿಂಟ್ ಹಾಕುದ್ರು ನೋಡು."

"ನೀನು ಸುಮ್ಕಿರ್ಲಾ. ಸೀಟಿ ಊದ್ಕಂಡು ಮಕ್ಳುನ್ನ ಓಡ್ಸೋನಿಗೆ ಏನು ಗೊತ್ತಾದದು." ಮುದುಕಿ ರುದ್ರೇಶನ ಕಡೆ ತಿರುಗಿದರು. "ಆ ವಮ್ಮ ಒಲ್ಲೆ ಅಂದ್ಲಂತೆ. ಕೊಂಡದ ಮುಂದೆ ನಿಂತ್ಕಂಡು, ನಾ ಸಾಯಾಕಿಲ್ಲ, ನನ್ನ ಮೊಕ ನೋಡಿ ಯೇಳಿ ಅಂದ್ಲಂತೆ. ಒಬ್ರೂ ಅವ್ಳ ಮೊಕ ನೋಡ್ನಿಲ್ಲ. ಎಲ್ರೂ ತಲೆ ಬಗ್ಗುಸ್ಕಂಡು ತಳ್ಳುದ್ರು. ಆಮೇಲೆ ಶುರುವಾತು. ಒಂದೊಂದೇ ಮನೇಲಿ ಎಣ್ಮಕ್ಕಳ ಮೊಕ ಅಳುಸ್ಕಂಡು ಓಯ್ತು. ಎತ್ತ ತಾಯಿಗೇ ಮಗಳ ಗುರ್ತು ಸಿಗ್ತಿರ್ನಿಲ್ಲ. ಕೊನೆಗೆ ಒಳೆ ಆಚೆಯಿಂದ ಒಬ್ಬ ಮಂತ್ರಗಾರನ್ನ ಕರ್ಕಂಬಂದು, ಕಲ್ಲಿನ ಮೊಕನೇ ಕೆತ್ತಿ ಕೆಡವಿ ಕಟ್ಟು ಆಕ್ಸಿದ್ರು. ಮೊಕ ಇಲ್ದೋಳು ಮೊಕ ಉಡುಕ್ತಾಳೆ, ಅದ್ಕೇ ಮಣ್ಣು ಮೆತ್ತಿ ಮುಚ್ಚದು. ಕೊಟ್ಟೋರ್ದನ್ನ ಇಟ್ಕತಾಳೆ. ಒಂದು ಸಿಕ್ಕುದ್ರೆ ಅದರ ಬೇರು ಇಡ್ಕಂಡು ಮಿಕ್ಕಿದ್ದೂ ಎಳ್ಕತಾಳೆ."

"ಬದುಕಿರೋರ ಮುಖ ಬೇಡ ಬಿಡಿ," ಎಂದ ರುದ್ರೇಶ. ನಗು ಅವನ ಬಾಯಂಚಿನಲ್ಲೇ ಇತ್ತು. "ಸತ್ತೋರದ್ದು ಕೊಟ್ರೆ ಏನು ಕಿತ್ಕೋತಾಳಂತೆ?"

ಚಿಕ್ಕಲಕ್ಷ್ಮಮ್ಮ ನಗಲಿಲ್ಲ. "ಸತ್ತೋರು ಎಲ್ಲವ್ರೆ ಅಂತ ನಿಂಗೊತ್ತಾ?"

ರುದ್ರೇಶ ಅವರನ್ನು ಬಳಸಿಕೊಂಡು ಕಲ್ಲಿನ ಪಕ್ಕಕ್ಕೆ ಹೋದ. ಬಕೆಟ್ಟಿನಿಂದ ಚೊಂಬು ತುಂಬಿಕೊಂಡು ಪಕ್ಕದಿಂದ ನೀರು ಹೊಯ್ದ. ಮುದುಕಿ ಮುಖ ತಿರುಗಿಸಿ, ಹಿಂದೆ ನೋಡದೆ ಮನೆಯ ದಾರಿ ಹಿಡಿದರು.

ಮಣ್ಣು ಸುಲಭಕ್ಕೆ ಬಿಡಲಿಲ್ಲ. ಬೆರಳು ತೂರಿಸಿ ಬಿಡಿಸಬೇಕಾಯಿತು. ಒಳಪದರ ಬೆಚ್ಚಗಿತ್ತು. ಕಮಟು ಹರಳೆಣ್ಣೆಯ ನಾತ, ಅದರ ಕೆಳಗೆ ಇನ್ನೇನೋ, ಮಳೆ ಬಿದ್ದ ಬೂದಿಯಂಥ ನಾತ ಗಂಟಲಿಗೆ ಬಂತು. ಅದುವರೆಗೆ ತೋಟದಲ್ಲಿ ಕೂಗುತ್ತಿದ್ದ ಗಿಳಿಗಳು ಸುಮ್ಮನಾದದ್ದನ್ನು ಕಾಂತರಾಜು ಗಮನಿಸಿದ, ರುದ್ರೇಶ ಗಮನಿಸಲಿಲ್ಲ. ಅವನು ನೋಡುತ್ತಿದ್ದುದು ಉಳಿಯ ಏಟುಗಳನ್ನು. ಮುಖ ಸವೆದುಹೋದದ್ದಲ್ಲ. ಯಾರೋ ಪಟ್ಟು ಹಿಡಿದು, ಎಡದಿಂದ ಬಲಕ್ಕೆ, ಹಣೆಯಿಂದ ಗಲ್ಲದವರೆಗೆ ಕೆತ್ತಿ ಕಿತ್ತಿದ್ದರು.

ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿ ಒತ್ತಿ ಅವನು ಕಲ್ಲಿನ ಪಡಿಯಚ್ಚು ತೆಗೆದ. ತೊಳೆದ ಮಣ್ಣನ್ನೂ ಬಿಡಲಿಲ್ಲ. ಅದನ್ನು ಅರೆದರೆ ಒಳ್ಳೆಯ ಕಂದು ಬಣ್ಣವಾಗುತ್ತದೆ ಎಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಂಡ.

"ಮುಂದಿನ ಭಾನುವಾರ ಇನ್ನೊಂದು ಅಚ್ಚು ತೆಗೀಬೇಕು. ಅಲ್ಲೀತನಕ ಮೆತ್ತೋದು ಬೇಡ ಅಂತ ಅಮ್ಮಂಗೆ ಹೇಳಿ."

"ಏನೂ ಯೋಚ್ನೆ ಮಾಡ್ಬೇಡಿ ಸಾ. ಅವ್ವುಂಗೆ ನಾನು ಯೇಳ್ತೀನಿ," ಎಂದು ಕಾಂತರಾಜು ಮಾತು ಕೊಟ್ಟ.

ರುದ್ರೇಶನ ಮನೆ ಹೊಳೆನರಸೀಪುರದಲ್ಲಿ, ಹೇಮಾವತಿಗೆ ಹತ್ತಿರ. ಮನೆಯಲ್ಲಿ ಏಳು ವರ್ಷದ ಮಗಳು ನಿಧಿ ಮತ್ತು ಅತ್ತೆ ದಾಕ್ಷಾಯಣಮ್ಮ ಇದ್ದರು. ಅತ್ತೆ ಅವನ ಹೆಂಡತಿಯ ತಾಯಿ. ಅವನ ತಂದೆಯ ತಂಗಿಯೂ ಹೌದು. ಹೆಂಡತಿ ರಂಜಿನಿಯನ್ನು ಅವನು ಐದು ವರ್ಷದ ಹುಡುಗನಾಗಿದ್ದಾಗಿಂದ ಬಲ್ಲ. ಅರಕಲಗೂಡಿನ ಹತ್ತಿರದ ಅವರ ಊರಿನಲ್ಲಿ ಇಬ್ಬರೂ ಒಂದೇ ಜೋಕಾಲಿಯಲ್ಲಿ ಆಡಿದವರು. ಹತ್ತಿರ ಹತ್ತಿರ ಮೂರು ವರ್ಷದ ಹಿಂದೆ, ಒಂಬತ್ತು ದಿನ ಜ್ವರ ಬಂದು ಅವಳು ತೀರಿಕೊಂಡಳು. ಮೂವತ್ತೊಂದು ವಯಸ್ಸು. ಅದೇ ಊರಿನ ಹೊಲದಲ್ಲಿ ಅವಳನ್ನು ಕೂರಿಸಿ ಮಣ್ಣು ಮಾಡಿದ್ದರು.

ಅಂದಿನಿಂದ ರುದ್ರೇಶನಿಗೆ ಅವಳ ಚಿತ್ರ ಬರೆಯಲು ಆಗಿರಲಿಲ್ಲ. ಎಷ್ಟೋ ಸಲ ಕೂತಿದ್ದ. ಹಣೆ ಬರೆದರೆ ಕಣ್ಣು ಬರುತ್ತಿರಲಿಲ್ಲ. ಕಣ್ಣು ಬಂದರೆ ಅದು ಫೋಟೊದ ಕಣ್ಣಾಗಿರುತ್ತಿತ್ತು. ಯಾರೋ ಸತ್ತವರ ಕಲ್ಲುಗಳನ್ನು ಹುಡುಕಿಕೊಂಡು ಅವನು ತಿರುಗತೊಡಗಿದ್ದು ಆಮೇಲೆ. ಇದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ರಜೆ ಹಾಕಿ ಮುಂಬದಿಯ ಕೋಣೆಯಲ್ಲಿ ಕ್ಯಾನ್ವಾಸಿನ ಮುಂದೆ ನಿಂತ. ಪಡಿಯಚ್ಚಿನಿಂದ ಎತ್ತಿಕೊಂಡ ಕೈ, ಬಳೆ, ನಿಂಬೆಹಣ್ಣು, ನಿರಿಗೆ ಎಲ್ಲ ಕೂತಾಗಿತ್ತು. ಹಿನ್ನೆಲೆಗೆ ಆ ಹುತ್ತದ ಮಣ್ಣನ್ನೇ ಅರೆದು ಬಳಿದಿದ್ದ. ಉಳಿದದ್ದು ಒಂದು ಗೇಣು ಖಾಲಿ ಜಾಗ. ಮೂರು ಗಂಟೆಗೆ ಕೈ ಇಟ್ಟ. ರಂಜಿನಿಯ ಹುಬ್ಬು ಬಂತು. ಅವನೇ ಬೆಚ್ಚಿಬಿದ್ದ. ಹುಬ್ಬಿನ ಹಿಂದೆಯೇ ಕಣ್ಣು. ಏನೋ ಹೇಳಲು ಹೊರಟು ತಡೆದಾಗ ಅವಳ ಕೆಳತುಟಿ ಒಂದು ಪಕ್ಕಕ್ಕೆ ಹೋಗುತ್ತಿತ್ತಲ್ಲ, ಅದೂ ಬಂತು.

ಕಾಫಿ ತಂದ ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತರು. ಲೋಟ ಕಿಟಕಿಯಲ್ಲಿಟ್ಟು ಹತ್ತಿರ ಬಂದರು.

"ಅಯ್ಯೋ, ರಂಜಿ ಕಣೋ."

"ಹೂಂ ಅತ್ತೆ."

"ಮೂಗು ಇನ್ನೊಂಚೂರು ಚೂಪು. ಅವಳು ಅವರಪ್ಪನ ಹಂಗೆ, ನನ್ನ ಹಂಗಲ್ಲ."

ಅವರು ಹೇಳುತ್ತಾ ಹೋದರು, ಅವನು ತಿದ್ದುತ್ತಾ ಹೋದ. ಸಂಜೆ ಆರಕ್ಕೆ ಇಬ್ಬರೂ ಆ ಮುಖದ ಮುಂದೆ ಚಾಪೆ ಹಾಕಿ ಕೂತರು. ಬಾಗೂರಿನ ಮುದುಕಿ ಹೇಳಿದ್ದನ್ನು ರುದ್ರೇಶ ಆಗ ನಗುತ್ತಾ ಹೇಳಿದ. ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸತ್ತೋಳನ್ನ ಇನ್ನೇನು ಮಾಡ್ತಾಳೆ ಬಿಡು," ಎಂದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಪೂಜೆ ಮುಗಿಸಿ, ವಿಭೂತಿ ಹಚ್ಚಲು ಅವರು ಗೋಡೆಯ ಮೇಲಿದ್ದ ಮಗಳ ಫೋಟೊದ ಹತ್ತಿರ ಹೋದರು. ರುದ್ರೇಶ ಹಲ್ಲುಜ್ಜುತ್ತಿದ್ದ.

"ರುದ್ರಾ, ಈ ಫೋಟೊಗೆ ಏನಾಯ್ತು?"

ಅವನು ಬಂದು ನೋಡಿದ. ಹಸಿರು ಸೀರೆ ಇತ್ತು. ಮುಡಿದ ಕಾಕಡ ಹೂವಿತ್ತು. ನಡುವೆ ಮುಖವಿರಲಿಲ್ಲ. ಒದ್ದೆ ಮಣ್ಣಿನ ಮೇಲೆ ಯಾರೋ ಹೆಬ್ಬೆರಳು ಎಳೆದ ಹಾಗೆ ಅಲ್ಲೊಂದು ನುಣ್ಣನೆ ಕಂದು ಬಣ್ಣ.

"ಗೋಡೆ ತೇವ ಇರ್ಬೇಕು ಅತ್ತೆ. ಫೋನಲ್ಲಿದೆ, ಇನ್ನೊಂದು ತೊಳ್ಸಿದ್ರಾಯ್ತು."

ದಾಕ್ಷಾಯಣಮ್ಮ ಕೇಳಿಸಿಕೊಳ್ಳಲಿಲ್ಲ. ಅವರು ಕಣ್ಣು ಮುಚ್ಚಿ ನಿಂತಿದ್ದರು. "ತಾಳು," ಎಂದರು. "ತಾಳು, ತಾಳು." ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದರು. "ರುದ್ರಾ, ನಂಗೆ ಅವಳ ಮುಖ ಬರ್ತಾ ಇಲ್ಲ ಕಣೋ. ಸೀರೆ ಬರುತ್ತೆ. ರೊಟ್ಟಿ ತಟ್ಟೋ ಕೈ ಬರುತ್ತೆ. ಅವ್ವಾ ಅನ್ನೋದು ಕೇಳುತ್ತೆ. ತಿರುಗಿ ನೋಡಿದ್ರೆ ಮುಖ ಇಲ್ಲ."

ಅವನು ಫೋನ್ ತೆಗೆದ. ನಿಧಿಯ ನಾಮಕರಣ, ಹಳೆಯ ಮನೆಯ ಅಂಗಳ, ಆಸ್ಪತ್ರೆಗೆ ಸೇರುವ ಮುಂಚಿನ ಭಾನುವಾರ. ನಾನೂರ ಹನ್ನೆರಡು ಫೋಟೊ ಇದ್ದವು. ಒಂದರಲ್ಲೂ ಅವಳ ಮುಖ ಉಳಿದಿರಲಿಲ್ಲ. ಟ್ರಂಕಿನಿಂದ ಮದುವೆಯ ಆಲ್ಬಮ್ ತೆಗೆದ. ಹಾರ ಹಾಕಿಕೊಂಡ ಅವನು ಕ್ಯಾಮೆರಾ ನೋಡುತ್ತಿದ್ದ. ಪಕ್ಕದಲ್ಲಿ ಹಾರ ಹಾಕಿಕೊಂಡ ಕಂದು ಕಲೆ. ಆಲ್ಬಮ್ಮಿನ ಪುಟಗಳಿಂದ ಹರಳೆಣ್ಣೆಯ ನಾತ ಏಳುತ್ತಿತ್ತು.

ಅವನೂ ಕಣ್ಣು ಮುಚ್ಚಿ ನೋಡಿಕೊಂಡ. ಮೂವತ್ತು ವರ್ಷ ನೋಡಿದ ಮುಖ. ಇರಲಿಲ್ಲ.

ಓಡಿ ಮುಂಬದಿಯ ಕೋಣೆಗೆ ಹೋದ. ಕ್ಯಾನ್ವಾಸಿನಲ್ಲಿ ಅವಳಿದ್ದಳು.

ನಿನ್ನೆಗಿಂತ ಚೆನ್ನಾಗಿದ್ದಳು. ಗಲ್ಲದ ಮೇಲೊಂದು ಸಣ್ಣ ಗಾಯದ ಗುರುತಿತ್ತು. ಚಿಕ್ಕಂದಿನಲ್ಲಿ ಜೋಕಾಲಿಯಿಂದ ಬಿದ್ದದ್ದು, ತಳ್ಳಿದವನು ಅವನೇ. ಅದನ್ನು ಅವನು ಬರೆದಿರಲಿಲ್ಲ. ಕಿವಿಯ ಕೆಳಗಿನ ಮಚ್ಚೆಯನ್ನೂ ಬರೆದಿರಲಿಲ್ಲ. ಎರಡೂ ಬಂದಿದ್ದವು.

ಅವತ್ತೇ ಅಳಿಸಬೇಕಿತ್ತು. ಮುದುಕಿ ಹೇಳಿದ್ದು ನಿಜವೆಂದು ಅವನಿಗೆ ಗುರುವಾರ ಎಂಟು ಗಂಟೆಗೇ ತಿಳಿದಿತ್ತು. ಕಾಂತರಾಜುವಿಗೆ ಫೋನ್ ಮಾಡಲು ಹೋಗಿ ನಿಲ್ಲಿಸಿದ. ಅಳಿಸು ಎಂದರೆ? ಭೂಮಿಯ ಮೇಲೆ ರಂಜಿನಿಯ ಮುಖ ಉಳಿದಿದ್ದುದು ಆ ಒಂದು ಗೇಣು ಬಟ್ಟೆಯಲ್ಲಿ. ಅವನು ಶಾಲೆಗೆ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಎದುರಿಗೆ ಕೂತ. ಕಣ್ಣು ತೆಗೆದರೆ ಅವಳು ಮರೆತುಹೋಗುತ್ತಿದ್ದಳು, ನೋಡಿದರೆ ಬರುತ್ತಿದ್ದಳು. ಊಟಕ್ಕೆ ಕರೆದರೆ ಆಮೇಲೆ ಎಂದ. ಶುಕ್ರವಾರ ಸಂಜೆ ನಿಧಿ ಬಾಗಿಲು ತಟ್ಟಿದಳು.

"ಅಪ್ಪಾ, ನನ್ನ ಮುಖ ಕಡೀತಾ ಇದೆ."

"ಅಜ್ಜಿ ಹತ್ರ ಹೋಗಮ್ಮ. ಪೌಡರ್ ಹಾಕ್ತಾರೆ," ಎಂದ ಅವನು, ತಿರುಗದೆ.

ಶನಿವಾರ ಅರ್ಧ ದಿನದ ಶಾಲೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ನಿಧಿ ಆಟೊದಿಂದಿಳಿದು ಅಳುತ್ತಾ ಬಂದಳು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ದಾಕ್ಷಾಯಣಮ್ಮ ತಲೆಯೆತ್ತಿ, "ಯಾರಮ್ಮ ನೀನು? ನಿಧಿ ಫ್ರೆಂಡಾ?" ಎಂದರು.

"ಅಜ್ಜೀ!" ಮಗು ಚೀರಿತು. "ಮಿಸ್ಸೂ ಹಂಗೇ ಕೇಳಿದ್ರು. ಹಾಜರಿ ಕೂಗಿದಾಗ ಹೂಂ ಅಂದೆ. ನೀನು ಯಾವ ಕ್ಲಾಸು ಅಂದ್ರು."

ಧ್ವನಿ ನಿಧಿಯದು. ಜಡೆ, ಬ್ಯಾಗು, ಬಲಗಾಲಿನ ಹರಿದ ಸಾಕ್ಸು ನಿಧಿಯವು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಐಡಿ ಕಾರ್ಡಿನಲ್ಲಿ ಫೋಟೊದ ಜಾಗ ಕಂದಾಗಿತ್ತು. ದಾಕ್ಷಾಯಣಮ್ಮ ಮಗುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಹುಬ್ಬು ಇರಲಿಲ್ಲ. ರೆಪ್ಪೆಗಳು ತೆಳುವಾಗಿದ್ದವು. ಮೂಗು, ಬಿಸಿಲಿಗಿಟ್ಟ ಬೆಣ್ಣೆಯಂತೆ, ಕೆನ್ನೆಯೊಳಕ್ಕೆ ಇಳಿಯುತ್ತಿತ್ತು.

ನಿಧಿ ಅವಳಮ್ಮನ ಅಚ್ಚು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು.

"ರುದ್ರಾ!" ಅವರ ಕೂಗಿಗೆ ರುದ್ರೇಶ ಹೊರಗೆ ಬಂದ. ಮಗಳನ್ನು ನೋಡಿದ. ಮತ್ತೆ ಒಳಗೆ ಓಡಿ ಕ್ಯಾನ್ವಾಸ್ ನೋಡಿದ. ಈ ಎರಡು ದಿನ ಅವನು ನೋಡಿಯೂ ನೋಡದೆ ಇದ್ದದ್ದು ಈಗ ಕಂಡಿತು. ಚಿತ್ರದ ಮುಖ ಚಿಕ್ಕದಾಗುತ್ತಿತ್ತು. ಕೆನ್ನೆ ಉಬ್ಬಿತ್ತು. ಹಣೆ ಗಿಡ್ಡವಾಗಿತ್ತು. ತುಟಿ ಕೊಂಚ ತೆರೆದಿತ್ತು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ನಿಧಿಗೆ ಆ ಹಲ್ಲು ಬಿದ್ದು ಹತ್ತು ದಿನವಾಗಿತ್ತು.

ಕಾಂತರಾಜು ಕಾಯಿ ಕೀಳಿಸಲೆಂದು ರಜೆ ಹಾಕಿ ಊರಿಗೆ ಹೋಗಿದ್ದ. ಫೋನ್ ಎತ್ತಿದಾಗ ತೋಟದಲ್ಲೇ ಇದ್ದ. ರುದ್ರೇಶ ಹೇಳಿದ್ದನ್ನು ಕೇಳಿ ಕಲ್ಲಿನ ಹತ್ತಿರ ನಡೆದ. ತರಗೆಲೆಯ ಮೇಲೆ ಅವನ ಹೆಜ್ಜೆ ಕೇಳಿಸುತ್ತಿತ್ತು. ಹೆಜ್ಜೆ ನಿಂತಿತು.

"ಸಾ."

"ಹೇಳಿ ಕಾಂತರಾಜು."

"ಕಲ್ಲಿಗೆ ಮೊಕ ಬಂದದೆ ಸಾ."

"ಯಾರದ್ದು?"

ತರಗೆಲೆ ಮತ್ತೆ ಸದ್ದಾಯಿತು, ಅವನು ಹಿಂದಕ್ಕೆ ಸರಿಯುತ್ತಿದ್ದ. "ಮಗಾದು ಸಾ. ಎಣ್ಮಗಾದು. ಅರ್ಧ ಬಂದದೆ."

ಆಮೇಲೆ ಅವನು ಅವ್ವಾ, ಅವ್ವಾ ಎಂದು ಕೂಗಿಕೊಂಡು ಓಡಿದ್ದು ಕೇಳಿಸಿತು. ಚಿಕ್ಕಲಕ್ಷ್ಮಮ್ಮ ಫೋನಿಗೆ ಬರಲು ಆರು ನಿಮಿಷ ಬೇಕಾಯಿತು. ಆ ಆರು ನಿಮಿಷದಲ್ಲಿ ನಿಧಿಯ ಮೂಗು ಪೂರ್ತಿ ಮುಚ್ಚಿಕೊಂಡಿತು. ಅವಳು ಬಾಯಲ್ಲಿ ಉಸಿರಾಡುತ್ತಾ ಅಜ್ಜಿಯ ಸೀರೆ ಹಿಡಿದುಕೊಂಡಿದ್ದಳು.

ಮುದುಕಿ ಬೈಯಲಿಲ್ಲ. "ಯಾರ ಮೊಕ ಕೊಟ್ಟೆ?"

"ನನ್ನ ಹೆಂಡತಿದು. ತೀರಿಕೊಂಡವಳದ್ದು."

"ಆ ಮಗ ಅವ್ಳ ಬೇರಿನ ಕುಡಿ ಅಲ್ವಾ. ಮಣ್ಣು ಅದಾ?"

"ನಿಮ್ಮ ಕಲ್ಲಿಂದೇ ಇದೆ. ಡಬ್ಬೀಲಿದೆ."

"ಅರಳೆಣ್ಣೆ ಆಕಿ ಕಲಸು. ನಾನಿಲ್ಲಿ ಕಲ್ಲಿಗೆ ಮೆತ್ತೀನಿ, ನೀನಲ್ಲಿ ಪಟಕ್ಕೆ ಮೆತ್ತು. ಒಟ್ಟಿಗೇ ಆಗ್ಬೇಕು. ಕೊಟ್ಟೋನೇ ಮುಚ್ಚಬೇಕು, ಬ್ಯಾರೇರು ಮುಚ್ಚುದ್ರೆ ಆಗಕಿಲ್ಲ."

"ಮುಚ್ಚಿದ್ರೆ ರಂಜಿನಿ ಮುಖ ವಾಪಸ್ ಬರುತ್ತಾ?"

"ಓಗಿದ್ದು ಓಯ್ತು ಕಣಪ್ಪ," ಎಂದರು ಚಿಕ್ಕಲಕ್ಷ್ಮಮ್ಮ. "ಕೂಸುನ್ನ ಉಳಿಸ್ಕೊ."

ಅವನು ಮಣ್ಣು ಕಲಸಿದ. ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿಟ್ಟ. ಕೈ ತುಂಬ ಮಣ್ಣು ಎತ್ತಿಕೊಂಡು ಕ್ಯಾನ್ವಾಸಿನ ಮುಂದೆ ನಿಂತ. ಕೈ ಏಳಲಿಲ್ಲ. ಮಣ್ಣನ್ನು ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಂಡ; ಮುಚ್ಚುವ ಮುಂಚೆ ಕಾಗದಕ್ಕೆ ಇಳಿಸಿಕೊಳ್ಳುತ್ತೇನೆ, ಒಂದೇ ನಿಮಿಷ. ಗೆರೆ ಎಳೆದ. ಎಳೆದ ಗೆರೆ ಹಿಂದಿನಿಂದ ಅಳಿಸುತ್ತಾ ಬಂತು. ಮತ್ತೆ ಎಳೆದ. ಕಾಗದ ಖಾಲಿ.

"ಏನ್ಲಾ ಮಾಡ್ತಿದ್ದೀಯ ಅಲ್ಲಿ!" ಎಂದು ಫೋನು ಕೂಗಿತು. "ನಂದು ಅಣೆ ಮುಗೀತು!"

ಹಿಂದೆ ದಾಕ್ಷಾಯಣಮ್ಮ ಬಂದು ನಿಂತಿದ್ದರು. ಸೊಂಟದ ಮೇಲೆ ನಿಧಿ. ಮಗುವಿನ ಬಾಯಿ ಒಂದು ಅಂಗಿಗುಂಡಿಯಷ್ಟಾಗಿತ್ತು. ಅದರೊಳಗಿಂದ ಉಸಿರು ಸಿಳ್ಳೆಯಂತೆ ಹೋಗಿ ಬರುತ್ತಿತ್ತು.

"ಸರಿ. ನಾನೊಂದ್ಸಲ ನೋಡ್ತೀನಿ," ಎಂದರು ಅವರು.

ನೋಡಿದರು. ಆ ಮಗುಮುಖದೊಳಗೆ ಇನ್ನೂ ಒಂದಿಷ್ಟು ರಂಜಿನಿ ಉಳಿದಿದ್ದಳು. ಕಣ್ಣು ಅವಳದು. ತಾಯಿ ಮಗಳ ಕಣ್ಣನ್ನು ಎಷ್ಟು ಹೊತ್ತು ನೋಡಿದರೋ, ರುದ್ರೇಶ ಲೆಕ್ಕ ಹಾಕಲಿಲ್ಲ. ಬಹಳ ಹೊತ್ತೇನಲ್ಲ.

"ಸಾಕು," ಎಂದರು. ಬಗ್ಗಿ ಮಣ್ಣು ಎತ್ತಿ ಅವನ ಕೈಗಿಟ್ಟರು. "ನನ್ನ ಮಗಳು ಸತ್ತು ಮೂರು ವರ್ಷ ಆಗ್ತಾ ಬಂತು. ಇದು ಬದುಕಿದೆ. ಮೆತ್ತು."

ಅವನು ಹಣೆಗೆ ಮೆತ್ತಿದ.

ಬಟ್ಟೆ ಬೆಚ್ಚಗಿತ್ತು. ಅದರ ಕೆಳಗೆ ಏನೋ ಮಿಡಿಯಿತು. ಕೋಣೆ ಕತ್ತಲಾಯಿತು, ಹೊರಗೆ ಮಧ್ಯಾಹ್ನದ ಬಿಸಿಲು ಹಾಗೇ ಇತ್ತು. ಬೂದಿಯ ನಾತ. ಬಳೆಗಳ ಸದ್ದು. ಚಿತ್ರದಲ್ಲಿ ಎತ್ತಿದ ಕೈ ಇಳಿಯುತ್ತಿತ್ತು. ಅವನ ಮುಂಗೈ ಹಿಡಿಯಿತು. ಕಲ್ಲಿನಷ್ಟು ತಣ್ಣಗಿತ್ತು.

"ಕಣ್ಣು ಮುಚ್ಚು!" ಎಂದು ಫೋನಿನಲ್ಲಿ ಮುದುಕಿ ಕೂಗುತ್ತಿದ್ದರು. "ಕಣ್ಣಿಗೆ ಮೆತ್ತು! ಅವ್ಳುನ್ನ ನೋಡ್ಬ್ಯಾಡ!"

ಅವನು ನೋಡಿದ. ರಂಜಿನಿಯ ಕಣ್ಣು. ಅಂಚಿನಿಂದ ಎಣ್ಣೆ ಇಳಿಯುತ್ತಿತ್ತು. ತುಟಿ ಒಂದು ಪಕ್ಕಕ್ಕೆ ಹೋಯಿತು.

"ರುದ್ರಿ," ಎಂದಿತು. ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. "ನನ್ನ ಮುಖ ನೋಡಿ ಹೇಳು."

ಹಿಂದೆ ಸಿಳ್ಳೆ ನಿಂತಿತು. ಪೂರ್ತಿ ನಿಂತಿತು. ಮಗುವಿನ ಕಾಲು ಅಜ್ಜಿಯ ತೊಡೆಗೆ ಬಡಿಯುವ ಸದ್ದು. ಒಂದು. ಎರಡು.

ರುದ್ರೇಶ ತಲೆ ಬಗ್ಗಿಸಲಿಲ್ಲ. ಅವಳ ಮುಖ ನೋಡುತ್ತಲೇ ಇದ್ದ. ನೋಡುತ್ತಲೇ ಮೆತ್ತಿದ. ಎಡಗಣ್ಣು. ಬಲಗಣ್ಣು. ಮೂಗು. ಮುಂಗೈಯ ಚರ್ಮ ಸುಲಿಯಿತು. ಬಿಡಲಿಲ್ಲ. ಗಲ್ಲ. ಗಲ್ಲದ ಗಾಯ. ತುಟಿ ಉಳಿಯಿತು. ತುಟಿ ಅಲುಗುತ್ತಿತ್ತು. ಅಂಗೈ ಅಗಲಿಸಿ ಒತ್ತಿದ. ಅಂಗೈಗೆ ಉಸಿರು ತಾಗಿತು. ಬಿಸಿ. ಇನ್ನೊಂದು. ಆಮೇಲೆ ಬರಲಿಲ್ಲ.

"ಇಲ್ಲಿ ಮುಗೀತು," ಎಂದಿತು ಫೋನು.

ಹಿಂದೆ ನಿಧಿ ಕೆಮ್ಮಿದಳು. ಕೆಮ್ಮಿ, ಉಸಿರೆಳೆದು, ಜೋರಾಗಿ ಅತ್ತಳು. ಗಂಟೆ ಹನ್ನೆರಡೂ ಮುಕ್ಕಾಲು.

ಒಂದು ಗಂಟೆಯೊಳಗೆ ಅವಳ ಮುಖ ಪೂರ್ತಿ ಬಂತು. ಹುಬ್ಬು, ಚೂಪು ಮೂಗು, ಹಲ್ಲು ಬಿದ್ದ ಕಿಂಡಿ, ಎಲ್ಲ ಮೊದಲಿನ ಹಾಗೇ. ಐಡಿ ಕಾರ್ಡಿನ ಫೋಟೊವೂ ಬಂತು. ಗೋಡೆಯ ಮೇಲಿನ ಹಸಿರು ಸೀರೆಯ ಮೇಲೆ ಏನೂ ಬರಲಿಲ್ಲ.

ಮಾರನೆಯ ದಿನ ಕಾಂತರಾಜು ಬಂದು, ಕ್ಯಾನ್ವಾಸನ್ನು ಚಾಪೆಯಲ್ಲಿ ಸುತ್ತಿ ಕಾರಿಗೆ ಹಾಕಿಕೊಂಡು ಹೋದ. ಕಲ್ಲಿನ ಬುಡದಲ್ಲೇ ಹೂಳಬೇಕೆಂದು ಅವನ ತಾಯಿ ಹೇಳಿ ಕಳಿಸಿದ್ದರು. ಹೋಗುವಾಗ ಅವನು ರುದ್ರೇಶನ ಮುಖ ನೋಡಲಿಲ್ಲ. "ನಾನು ಅವತ್ತು ನಗಬಾರ್ದಾಗಿತ್ತು ಸಾ," ಎಂದಷ್ಟೇ ಹೇಳಿದ.

ಅವತ್ತು ಸಂಜೆ ತಲೆ ಬಾಚಿಸಿಕೊಳ್ಳುತ್ತಾ ನಿಧಿ ಕೇಳಿದಳು. "ಅಜ್ಜೀ, ಅಮ್ಮ ನನ್ನ ಥರಾನೇ ಇದ್ಲಾ?"

"ಹೂಂ ಕಣಮ್ಮ. ಎಲ್ರೂ ಹಂಗೇ ಅಂತಿದ್ರು."

"ನಿಂಗೆ?"

ದಾಕ್ಷಾಯಣಮ್ಮ ಬಾಚಣಿಗೆ ನಿಲ್ಲಿಸಿ, ಮೊಮ್ಮಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಹಳ ಹೊತ್ತು ಆ ಮುಖದಲ್ಲಿ ಹುಡುಕಿದರು. ಬಾಗಿಲಲ್ಲಿ ನಿಂತಿದ್ದ ರುದ್ರೇಶನೂ ಹುಡುಕಿದ. ಅದು ನಿಧಿಯ ಮುಖ. ಮುದ್ದಾದ ಮುಖ. ಅದರಲ್ಲಿ ಬೇರೆ ಯಾರೂ ಇರಲಿಲ್ಲ.

ಮುಂದಿನ ತಿಂಗಳ ಒಂದು ಗುರುವಾರ ರಂಜಿನಿಯ ಮೂರನೇ ವರ್ಷದ ಪುಣ್ಯಸ್ಮರಣೆ. ರುದ್ರೇಶ ಪತ್ರಿಕೆಯವರಿಗೆ ಶ್ರದ್ಧಾಂಜಲಿಯ ಪ್ರಕಟಣೆ ಕೊಟ್ಟ. ಫೋಟೊ ಕಳಿಸಿ ಎಂದು ಅವರು ಎರಡು ಸಲ ಫೋನ್ ಮಾಡಿದರು. ಇಲ್ಲ ಎಂದ. ಒಂದೂ ಇಲ್ಲವೇ ಎಂದರು. ಒಂದೂ ಇಲ್ಲ ಎಂದ. ಪ್ರಕಟಣೆ ಆ ದಿನದ ಏಳನೇ ಪುಟದಲ್ಲಿ, ಎಡಗಡೆ ಬಂತು. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಮನೆಯವರ ಹೆಸರುಗಳು ಇದ್ದವು. ಫೋಟೊ ಹಾಕುವ ಚೌಕವನ್ನು ಖಾಲಿ ಬಿಟ್ಟಿದ್ದರು.